ಗುಂಡಿ ತಿರುಗಿಸುವವನ ಪರವಾಗಿ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಬಾಬ್ ಪವರ್ ಎಂಬ ಅಮೆರಿಕದ ಸೌಂಡ್ ಎಂಜಿನಿಯರ್ ಮೇಲೆ ನಾಲ್ಕು ಪುಟ ಬರೆಸಿದ್ದೀರಿ. ಆತ ಹಾಡಿದವನೂ ಅಲ್ಲ, ರಾಗ ಹಾಕಿ ಹೆಸರು ಮಾಡಿದವನೂ ಅಲ್ಲ. ಗಾಜಿನ ಹಿಂದೆ ಕೂತು ಗುಂಡಿ ತಿರುಗಿಸಿದವನು. ಅದೂ ಎಂಥ ಸಂಗೀತಕ್ಕೆ? ಬೇರೆಯವರ ರೆಕಾರ್ಡು ಕದ್ದು ಅದರ ಮೇಲೆ ಗಡಗಡ ಮಾತಾಡುವ ಹಿಪ್ ಹಾಪ್‌ಗೆ. ಬರೆಯಲು ನಿಮಗೆ ಸಂಗೀತಗಾರರೇ ಸಿಗಲಿಲ್ಲವೇ? ನಾನು ವೀಣೆ ಕಲಿತವನು, ನಿಮ್ಮ ಹಳೆಯ ಚಂದಾದಾರ. ಆ ಸಲಿಗೆಯಿಂದ ಕೇಳುತ್ತಿದ್ದೇನೆ." (ಹಾಸನದ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೊದಲು ನಿಮಗೆ ಥ್ಯಾಂಕ್ಸ್. ವ್ಯಂಗ್ಯ ಅಲ್ಲ. ನಮಗೆ ಬರುವ ಪತ್ರಗಳಲ್ಲಿ "ಲೇಖನ ಸೊಗಸಾಗಿತ್ತು" ಅನ್ನುವವೇ ಜಾಸ್ತಿ. ಲೇಖನ ಓದದೆಯೂ ಅಂಥ ಪತ್ರ ಬರೆಯಬಹುದು. ನೀವು ನಾಲ್ಕು ಪುಟ ಓದಿದ್ದೀರಿ, ಓದಿ ಸಿಟ್ಟಾಗಿದ್ದೀರಿ, ಆ ಸಿಟ್ಟನ್ನು ಇಂಕಿನ ಪೆನ್ನಿನಲ್ಲಿ ಹಾಳೆ ತುಂಬ ಬರೆದು ಕಳಿಸಿದ್ದೀರಿ. ಇಂಥ ಓದುಗರು ಸಿಗುವುದು ಕಷ್ಟ. ಜಾಗ ಇಲ್ಲದೆ ನಿಮ್ಮ ಪತ್ರವನ್ನು ಮೊಟಕು ಮಾಡಿದ್ದೇನೆ. ನನ್ನ ಉತ್ತರವನ್ನು ಮೊಟಕು ಮಾಡುವವರು ಇಲ್ಲಿ ಯಾರೂ ಇಲ್ಲ. ಸಂಪಾದಕನಿಗೆ ಇರುವ ಸುಖ ಇದೊಂದೇ.

ಆದರೆ "ಗುಂಡಿ ತಿರುಗಿಸಿದವನು" ಅಂದಿರಲ್ಲ, ಅಲ್ಲಿ ಚುರುಕ್ ಅಂದಿತು.

ನಿಮ್ಮ ಒಂದು ಮಾತು ಸರಿ. ಅದನ್ನು ಮೊದಲೇ ಒಪ್ಪಿ ಮುಗಿಸುತ್ತೇನೆ. ಹಿಪ್ ಹಾಪ್‌ನವರು ಬೇರೆಯವರ ರೆಕಾರ್ಡಿನ ತುಂಡುಗಳನ್ನು ಕೇಳದೆ ಬಳಸಿದ್ದು ಹೌದು. ಬಿಜ್ ಮಾರ್ಕಿ ಎಂಬ ರ‍್ಯಾಪರ್ ಗಿಲ್ಬರ್ಟ್ ಓ'ಸಲಿವನ್ ಎಂಬ ಗಾಯಕರ ಹಾಡಿನ ತುಂಡೊಂದನ್ನು ಅನುಮತಿ ಇಲ್ಲದೆ ಬಳಸಿದ. 1991ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಧೀಶರು ಅವನ ವಿರುದ್ಧ ತೀರ್ಪು ಕೊಟ್ಟರು. ಆ ತೀರ್ಪು ಶುರುವಾಗುವುದೇ ಬೈಬಲ್ಲಿನ "ಕದಿಯಬಾರದು" ಎಂಬ ಆಜ್ಞೆಯಿಂದ. ಆ ಕುರ್ಚಿಯಲ್ಲಿ ನೀವಿದ್ದರೂ ಹಾಗೇ ಶುರು ಮಾಡುತ್ತಿದ್ದಿರಿ ಅಂತ ಕಾಣುತ್ತದೆ. ಅಲ್ಲಿಂದ ಮುಂದೆ ಅನುಮತಿ, ದುಡ್ಡು, ವಕೀಲರು, ಇವೆಲ್ಲ ಆದ ಮೇಲೆಯೇ ಸ್ಯಾಂಪಲ್ (ಹೀಗೆ ಎತ್ತಿಕೊಂಡ ತುಂಡಿಗೆ ಅವರ ಹೆಸರು) ಎಂದಾಯಿತು. ಅದಕ್ಕೂ ಮುಂಚೆ, 1990ರಲ್ಲಿ, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್ ಹಾಪ್ ತಂಡ ಗಾಯಕ ಲೂ ರೀಡ್ ಅವರ ಹಾಡಿನ ಬೇಸ್ ಸಾಲೊಂದನ್ನು (ತಳದ ಮಂದ್ರ ಸ್ವರಗಳ ಸಾಲು) ಎತ್ತಿಕೊಂಡು "ಕ್ಯಾನ್ ಐ ಕಿಕ್ ಇಟ್?" ಮಾಡಿತ್ತು. ಹಾಡು ಎಲ್ಲ ಕಡೆ ಓಡಿತು. ರಾಯಲ್ಟಿ ಲೂ ರೀಡ್ ಜೇಬಿಗೆ ಹೋಯಿತು. ಹುಡುಗರಿಗೆ ಉಳಿದದ್ದು ಹೆಸರು. ದಂಡ ಅಂತ ಅಷ್ಟು ಸಾಕಲ್ವಾ?

ಈಗ ಬಾಬ್ ಪವರ್ ವಿಷಯ. ನೀವು "ಸಂಗೀತಗಾರರೇ ಸಿಗಲಿಲ್ಲವೇ" ಎಂದು ಕೇಳಿದ್ದೀರಿ. ದಯವಿಟ್ಟು ಆ ಲೇಖನದ ಎರಡನೇ ಪುಟವನ್ನು ಇನ್ನೊಮ್ಮೆ ನೋಡಿ. ಈ ಮನುಷ್ಯ ಸೇಂಟ್ ಲೂಯಿಸ್‌ನ ವೆಬ್‌ಸ್ಟರ್ ಕಾಲೇಜಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನೆ ಓದಿದವರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾಝ್‌ನಲ್ಲಿ ಮಾಸ್ಟರ್ಸ್ ಮಾಡಿದರು. ಗಿಟಾರ್ ನುಡಿಸಿದರು, ಟಿವಿ ಕಾರ್ಯಕ್ರಮಗಳಿಗೆ ಸಂಗೀತ ಬರೆದರು. 1980ರ ದಶಕದ ಮೊದಲಲ್ಲಿ ನ್ಯೂಯಾರ್ಕಿಗೆ ಬಂದರು. ಅಲ್ಲಿ ಕ್ಯಾಲಿಯೋಪಿ ಎಂಬ ಸ್ಟುಡಿಯೋದಲ್ಲಿ ಎಂಜಿನಿಯರ್ ಕೆಲಸ ಶುರುವಾಯಿತು. ಬ್ರೂಕ್ಲಿನ್‌ನ ಸ್ಟೆಟ್ಸಾಸಾನಿಕ್ ತಂಡದ ರೆಕಾರ್ಡಿಂಗ್ ಅವರ ಮೊದಮೊದಲ ಹಿಪ್ ಹಾಪ್ ಕೆಲಸ. ಆ ತಂಡದಲ್ಲಿದ್ದ ಪ್ರಿನ್ಸ್ ಪಾಲ್ ಮುಂದೆ ಡಿ ಲಾ ಸೋಲ್ ತಂಡದ ಪ್ರೊಡ್ಯೂಸರ್ ಆದರು. ಒಬ್ಬರ ಹಿಂದೆ ಒಬ್ಬರು ಆ ಸ್ಟುಡಿಯೋದ ಬಾಗಿಲು ತಟ್ಟಿದರು. ಜಂಗಲ್ ಬ್ರದರ್ಸ್ ಬಂದರು, ಡಿ ಲಾ ಸೋಲ್ ಬಂದರು, ಟ್ರೈಬ್ ಬಂದರು.

ಆ ಕಾಲದಲ್ಲಿ ಈ ಹುಡುಗರನ್ನು ಸಂಗೀತಗಾರರು ಎಂದು ಒಪ್ಪದ ಎಂಜಿನಿಯರ್‌ಗಳು ಬೇಕಾದಷ್ಟು ಜನ ಇದ್ದರು. ವಾದ್ಯ ಬರೋದಿಲ್ಲ, ಸ್ವರ ಬರೆಯೋಕೆ ಬರೋದಿಲ್ಲ, ಬರುವಾಗ ಒಂದು ಕ್ರೇಟ್ ಹಳೇ ರೆಕಾರ್ಡು ಹೊತ್ತು ತರುತ್ತಾರೆ, ಇದೆಂಥ ಸಂಗೀತ ಅಂತ. ನಿಮ್ಮ ಪತ್ರದ ಧಾಟಿಯೇ. ಶಾಸ್ತ್ರೀಯ ಸಂಗೀತ ಕಲಿತ, ವಯಸ್ಸಿನಲ್ಲಿ ಬಹಳ ದೊಡ್ಡ, ಬಿಳಿಯ ಜಾಝ್ ಗಿಟಾರಿಸ್ಟ್ ಬಾಬ್ ಪವರ್ ಅವರಿಗೆ ಮೂಗು ಮುರಿಯಲು ಎಲ್ಲ ಕಾರಣವೂ ಇತ್ತು. ಅವರು ಮುರಿಯಲಿಲ್ಲ. ಹುಡುಗರು ಏನು ಕೇಳಿಸಿಕೊಳ್ಳುತ್ತಿದ್ದಾರೆ ಅಂತ ಕಿವಿಗೊಟ್ಟರು. ಅವರ ವೃತ್ತಿಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದು. ಮಾರಾಟ ಜೋರಾದಾಗ ಕೊಡುವ ಚಿನ್ನದ ಡಿಸ್ಕು, ಪ್ಲಾಟಿನಂ ಡಿಸ್ಕು ಎಲ್ಲ ಆಮೇಲೆ.

ಕೆಲಸ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ "ಗುಂಡಿ" ಎಂದು ತಳ್ಳಿಹಾಕುವವರು ಅದನ್ನು ನೋಡಿರುವುದಿಲ್ಲ. ಆಗ ಬಹಳ ಜನ ಬಳಸುತ್ತಿದ್ದ ಸ್ಯಾಂಪ್ಲರ್, ಅಂದರೆ ರೆಕಾರ್ಡಿನ ತುಂಡು ಹಿಡಿದಿಟ್ಟುಕೊಂಡು ಮತ್ತೆ ನುಡಿಸುವ ಯಂತ್ರ, ಎಸ್‌ಪಿ-1200. 1987ರಲ್ಲಿ ಬಂದದ್ದು. ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದ ಒಟ್ಟು ಸದ್ದು ಸುಮಾರು 10 ಸೆಕೆಂಡು. ಇಡೀ ಹಾಡಿಗೆ ಅಷ್ಟೇ! ಅದಕ್ಕೆ ಹುಡುಗರು ಒಂದು ಉಪಾಯ ಮಾಡುತ್ತಿದ್ದರು. ನಿಮಿಷಕ್ಕೆ 33 ಸುತ್ತಿನ ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ತುಂಬಿಸಿಕೊಳ್ಳುವುದು, ಒಳಗೆ ಹೋದ ಮೇಲೆ ನಿಧಾನ ಮಾಡುವುದು. ಜಾಗ ಉಳಿಯುತ್ತಿತ್ತು, ಸದ್ದು ಒರಟಾಗುತ್ತಿತ್ತು. ಆ ಒರಟುತನವೇ ಮುಂದೆ ಚಂದ ಎನಿಸಿಕೊಂಡಿತು.

ಹೀಗೆ ಬಂದ ತುಂಡಿನಲ್ಲಿ ಡ್ರಮ್, ಬೇಸ್, ಪಿಯಾನೋ, ರೆಕಾರ್ಡಿನ ಕರಕರ ಎಲ್ಲ ಒಂದೇ ಮುದ್ದೆ. ಬೇಸ್ ಒಂದನ್ನೇ ಜಾಸ್ತಿ ಮಾಡು ಅಂದರೆ ಆಗುವುದಿಲ್ಲ. ಮೇಲಿನ ಸ್ವರಗಳನ್ನು ಫಿಲ್ಟರ್‌ನಲ್ಲಿ ಕತ್ತರಿಸಿ ತಳದ ಗುಂಯ್ ಮಾತ್ರ ಉಳಿಸಿಕೊಳ್ಳಬೇಕು, ಅದರ ಕೆಳಗೆ ಹೊಸ ಡ್ರಮ್ ಕೂರಿಸಬೇಕು. ಎರಡಕ್ಕೂ ತಳದಲ್ಲೇ ಜಾಗ ಬೇಕು, ಇರುವುದು ಒಂದೇ ಜಾಗ. ಇನ್ನೊಂದು ತೊಂದರೆ ನಿಮಗೆ ಚೆನ್ನಾಗಿ ಅರ್ಥವಾಗುವಂಥದ್ದು. ನಾಲ್ಕು ರೆಕಾರ್ಡಿನಿಂದ ತಂದ ನಾಲ್ಕು ತುಂಡಿಗೆ ನಾಲ್ಕು ಶ್ರುತಿ, ನಾಲ್ಕು ನಡೆ. ಇವು ಒಟ್ಟಿಗೆ ಕೂರಬೇಕಾದರೆ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಅಂತ ಕಿವಿಗೆ ಗೊತ್ತಿರಬೇಕು. ಸ್ವರಶಾಸ್ತ್ರ ಕಲಿತ ಒಬ್ಬ ಎಂಜಿನಿಯರ್ ಅಲ್ಲಿ ಕೂತಿದ್ದುದರ ಬೆಲೆ ಇದು.

ನೀವು ವೀಣೆಯವರು, ಆದ್ದರಿಂದ ಒಂದು ಉದಾಹರಣೆಯನ್ನು ನಿಮಗೆಂದೇ ಕೊಡುತ್ತೇನೆ. ಟ್ರೈಬ್ ತಂಡದ 1991ರ "ದ ಲೋ ಎಂಡ್ ಥಿಯರಿ" ಆಲ್ಬಮ್ ಶುರುವಾಗುವುದು "ಎಕ್ಸ್‌ಕರ್ಶನ್ಸ್" ಎಂಬ ಹಾಡಿನಿಂದ. ಮೊದಲಿಗೆ ಒಂದು ಬೇಸ್ ಸಾಲು, ಬರೀ ಅದೇ. ಜಾಝ್ ಡ್ರಮ್ಮರ್ ಆರ್ಟ್ ಬ್ಲೇಕಿ ಅವರ 1970ರ ದಶಕದ ರೆಕಾರ್ಡಿನಿಂದ ಬಂದದ್ದು. ಮೂಲದಲ್ಲಿ ಅದು ಮೂರರ ಲೆಕ್ಕದ ನಡೆ. ಟ್ರೈಬ್‌ನ ಕ್ಯೂ-ಟಿಪ್ ಅದನ್ನು ಕತ್ತರಿಸಿ, ಹಿಗ್ಗಿಸಿ, ನಾಲ್ಕರ ಲೆಕ್ಕಕ್ಕೆ ತಂದು ಕೂರಿಸಿದ. ತಿಶ್ರದ ಸಾಲನ್ನು ಚತುರಶ್ರಕ್ಕೆ ತರುವುದು ಸುಮ್ನೆ ಅಲ್ಲ ಅಂತ ನಿಮಗೆ ನಾನು ಹೇಳಿಕೊಡಬೇಕೇ? ಆ ಹುಡುಗನಿಗೆ ಆಗ 21 ವರ್ಷ. ಕದ್ದ ಅನ್ನುತ್ತೀರಿ. ನಮ್ಮಲ್ಲಿ ಒಂದು ಪಲ್ಲವಿಯನ್ನು ಇಷ್ಟು ಚೆನ್ನಾಗಿ ನಡೆ ಬದಲಿಸಿ ಹಾಡಿದರೆ ಸಭೆಯಲ್ಲಿ ಭಲೇ ಅನ್ನುತ್ತೇವೆ.

ಅದೇ ಆಲ್ಬಮ್‌ನ ಒಂದು ಹಾಡಿಗೆ ಜಾಝ್ ಲೋಕದ ಹಿರಿಯ ಬೇಸ್ ವಾದಕ ರಾನ್ ಕಾರ್ಟರ್ ಸ್ವತಃ ಬಂದು ನುಡಿಸಿದರು. ಜಾಝ್‌ನ ದೊಡ್ಡ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಹಾಡಿನಲ್ಲಿ ಕೆಟ್ಟ ಮಾತು ಇರಬಾರದು ಎಂಬ ಷರತ್ತು ಹಾಕಿ ಒಪ್ಪಿದರಂತೆ. (ಷರತ್ತು ನಿಮಗೆ ಇಷ್ಟವಾಗುತ್ತದೆ ಅಂತ ಗೊತ್ತು.) ಆ ಹಾಡಿನಲ್ಲಿ ಅವರ ನಿಜವಾದ ಡಬಲ್ ಬೇಸ್, ಸ್ಯಾಂಪ್ಲರ್‌ನಿಂದ ಬಂದ ಸದ್ದುಗಳು ಮತ್ತು ಹುಡುಗನ ದನಿ ಒಂದೇ ಕೋಣೆಯಲ್ಲಿ ಕೂತಂತೆ ಕೇಳಿಸುತ್ತವೆ. ನಿಜದಲ್ಲಿ ಅವು ಒಂದೇ ಕೋಣೆಯವಲ್ಲ, ಒಂದೇ ದಶಕದವೂ ಅಲ್ಲ. ಅವನ್ನು ಹಾಗೆ ಕೂರಿಸುವುದೇ ಮಿಕ್ಸಿಂಗ್. ಟ್ರೈಬ್‌ನವರಿಗೆ ಇದು ಗೊತ್ತಿತ್ತು. 1993ರ "ಮಿಡ್‌ನೈಟ್ ಮರಾಡರ್ಸ್" ಆಲ್ಬಮ್‌ನ ಒಂದು ಹಾಡಿನ ನಡುವೆಯೇ ಬಾಬ್ ಪವರ್ ಹೆಸರು ಹಿಡಿದು ಕೂಗಿ, ನನ್ನ ದನಿ ಸರಿ ಮಾಡಪ್ಪಾ ಅನ್ನುತ್ತಾರೆ. ನಮ್ಮ ಯಾವ ಚಿತ್ರಗೀತೆಯಲ್ಲಾದರೂ ಗಾಯಕ ರೆಕಾರ್ಡಿಸ್ಟನ ಹೆಸರು ಕರೆದದ್ದು ನಿಮಗೆ ನೆನಪಿದ್ದರೆ ಬರೆದು ತಿಳಿಸಿ.

ಸೋಲ್ ಸಂಗೀತಕ್ಕೆ, ಅಂದರೆ ಅಮೆರಿಕದ ಕಪ್ಪು ಜನರ ಭಾವ ತುಂಬಿದ ಹಾಡುಗಾರಿಕೆಗೆ, ಬರೋಣ. ಇಲ್ಲಿ ಕದ್ದ ತುಂಡಿನ ತಕರಾರೂ ಇಲ್ಲ, ಗಡಗಡ ಮಾತೂ ಇಲ್ಲ. ವರ್ಜೀನಿಯಾದ ರಿಚ್‌ಮಂಡ್‌ನಿಂದ ಡಿ'ಏಂಜಲೋ ಎಂಬ ಹುಡುಗ ಬಂದ. ಪಾದ್ರಿಯ ಮಗ, ಚರ್ಚಿನಲ್ಲಿ ಹಾಡಿ ನುಡಿಸಿ ಬೆಳೆದವನು. ಮನೆಯಲ್ಲೇ ನಾಲ್ಕು ಟ್ರ್ಯಾಕಿನ (ನಾಲ್ಕು ಸದ್ದನ್ನು ಬೇರೆ ಬೇರೆಯಾಗಿ ಹಿಡಿಯುವ) ಮೆಷೀನಿನಲ್ಲಿ ಎಲ್ಲ ವಾದ್ಯ, ಎಲ್ಲ ದನಿ ತಾನೇ ಹಾಕಿ ಹಾಡು ಕಟ್ಟಿಕೊಂಡಿದ್ದ. ಅದನ್ನು ದೊಡ್ಡ ಸ್ಟುಡಿಯೋಗೆ ತಂದು ಮತ್ತೆ ಮಾಡಬೇಕು, ಆದರೆ ಮಲಗುವ ಕೋಣೆಯಲ್ಲಿ ಹುಟ್ಟಿದ ಆ ಸೋಮಾರಿ ಲಯ ಹಾಳಾಗಬಾರದು. ಎಷ್ಟೋ ಒಳ್ಳೆಯ ಹಾಡುಗಳು ಸತ್ತಿರುವುದು ಇಲ್ಲೇ, ಡೆಮೋ (ಮೊದಲ ಕರಡು ರೆಕಾರ್ಡಿಂಗ್) ಮತ್ತು ಸ್ಟುಡಿಯೋ ನಡುವೆ. 1995ರ "ಬ್ರೌನ್ ಶುಗರ್" ಸಾಯಲಿಲ್ಲ. ಬಾಬ್ ಪವರ್ ಅದರ ಎಂಜಿನಿಯರ್, ಕೆಲವು ಹಾಡುಗಳಿಗೆ ಡಿ'ಏಂಜಲೋ ಜೊತೆ ಪ್ರೊಡ್ಯೂಸರ್ ಕೂಡ. ಇಲ್ಲಿ ಪ್ರೊಡ್ಯೂಸರ್ ಅಂದರೆ ನಮ್ಮ ಸಿನಿಮಾದವರ ಹಾಗೆ ದುಡ್ಡು ಹಾಕುವವರಲ್ಲ. ಹಾಡು ಹೇಗೆ ಕೇಳಿಸಬೇಕು ಅಂತ ತೀರ್ಮಾನ ಮಾಡುವವರು. ಡಿ'ಏಂಜಲೋ 2025ರ ಅಕ್ಟೋಬರ್‌ನಲ್ಲಿ, ಬರೀ 51 ವರ್ಷಕ್ಕೆ, ತೀರಿಕೊಂಡ. ಆಗ ಬಂದ ಬರಹಗಳಲ್ಲಿ ನನ್ನ ಕಣ್ಣಿಗೆ ಬಿದ್ದವೆಲ್ಲ ಅವನ ದನಿಯನ್ನು ಹೊಗಳಿದವು. ಸರಿಯೇ. ಆದರೆ ಅವನು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ ಹಾಗೆ ಕೇಳಿಸುತ್ತದಲ್ಲ, ಅದು ಮೈಕ್ ಇಟ್ಟವರ ಕೆಲಸವೂ ಹೌದು.

ಎರಡು ವರ್ಷದ ಮೇಲೆ, 1997ರಲ್ಲಿ, ಗಾಯಕಿ ಎರಿಕಾ ಬಾಡು ಅವರ "ಬಾಡುಯಿಸಂ". ಅದರ "ಆನ್ ಅಂಡ್ ಆನ್" ಹಾಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು, ಆಲ್ಬಮ್‌ಗೂ ಬಂತು. ಅದರ ಪ್ರೊಡ್ಯೂಸರ್‌ಗಳ ಪಟ್ಟಿಯಲ್ಲೂ ಇದೇ ಗುಂಡಿ ತಿರುಗಿಸುವ ಮನುಷ್ಯ. ಹಾಡು ಕೇಳಿ ನೋಡಿ, ಎಷ್ಟು ಕಡಿಮೆ ಸಾಮಾನಿದೆ ಅದರಲ್ಲಿ! ಡ್ರಮ್, ಬೇಸ್, ಅಲ್ಲೊಂದು ಇಲ್ಲೊಂದು ಕೀಬೋರ್ಡ್ ಸ್ವರ, ಉಳಿದದ್ದೆಲ್ಲ ಅವರ ದನಿಗೆ ಬಿಟ್ಟ ಜಾಗ. ಇವತ್ತು ನಮ್ಮ ಭಾವಗೀತೆಗಳಿಗೆ ಕೊಳಲು, ಪಿಟೀಲು, ತಬಲ, ಕೀಬೋರ್ಡ್ ಎಲ್ಲ ಒಟ್ಟಿಗೆ ಸುರಿದು ಕವಿಯ ಸಾಲೇ ಕೇಳದ ಹಾಗೆ ಮಾಡುವವರು ಅದನ್ನು ದಿನಕ್ಕೊಂದು ಸಲ ಕೇಳಬೇಕು. ಮುಂದೆ ಬಾಬ್ ಪವರ್ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕ್ಲೈವ್ ಡೇವಿಸ್ ಸಂಸ್ಥೆಯಲ್ಲಿ ಮೇಷ್ಟ್ರಾದರು. ಈ ಕೆಲಸವನ್ನು ತರಗತಿಯಲ್ಲಿ ಕೂರಿಸಿ ಕಲಿಸುವ ಮರ್ಯಾದೆ ಅಲ್ಲಿದೆ.

ಗಾಜಿನ ಹಿಂದಿನವರ ಕಥೆ ಹಿಪ್ ಹಾಪ್‌ನಿಂದ ಶುರುವಾಗಿದ್ದಲ್ಲ. ಅಟ್ಲಾಂಟಿಕ್ ರೆಕಾರ್ಡ್ ಕಂಪನಿಯ ಎಂಜಿನಿಯರ್ ಟಾಮ್ ಡೌಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಣುಬಾಂಬಿನ ಯೋಜನೆಯಲ್ಲಿ ದುಡಿದವರು. ಆಮೇಲೆ ರೇ ಚಾರ್ಲ್ಸ್, ಅರೀಥಾ ಫ್ರಾಂಕ್ಲಿನ್ ಅವರ ದನಿ ಹಿಡಿದಿಟ್ಟರು. ಸದ್ದು ಬೆರೆಸುವ ಮಿಕ್ಸರಿನಲ್ಲಿ ತಿರುಗಿಸುವ ಗುಂಡಿಗಳ ಬದಲು ಬೆರಳಲ್ಲಿ ಮೇಲೆ ಕೆಳಗೆ ಜಾರಿಸುವ ಪಟ್ಟಿ ತಂದವರಲ್ಲಿ ಅವರ ಹೆಸರು ಮುಂದಿದೆ. ಅಂದರೆ ನೀವು ಬೈಯುವ ಗುಂಡಿಯನ್ನು ಬಾಬ್ ಪವರ್ ಬರುವ ಮೊದಲೇ ಒಬ್ಬರು ಅರ್ಧ ಕಿತ್ತು ಹಾಕಿದ್ದರು!

ಇನ್ನು ರೂಡಿ ವ್ಯಾನ್ ಗೆಲ್ಡರ್. ಹಗಲು ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವ ಕೆಲಸ, ಉಳಿದ ಹೊತ್ತಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಪಡಸಾಲೆಯಲ್ಲಿ ಜಾಝ್ ರೆಕಾರ್ಡಿಂಗ್. ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ದೊಡ್ಡ ರೆಕಾರ್ಡುಗಳು ಎಷ್ಟೋ ಅವರ ಕೈಯಲ್ಲಿ ಆದವು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು. ರಾನಿ ಫಾಸ್ಟರ್ ಎಂಬ ಆರ್ಗನ್ ವಾದಕ 1972ರಲ್ಲಿ ಅಲ್ಲಿ ನುಡಿಸಿದ ಒಂದು ತುಂಡು, 20 ವರ್ಷ ಕಳೆದು ಟ್ರೈಬ್‌ನ "ಎಲೆಕ್ಟ್ರಿಕ್ ರಿಲ್ಯಾಕ್ಸೇಶನ್" ಹಾಡಿಗೆ ಬಂದು ಕೂತಿತು. ಅಂದರೆ ಆರ್ಗನ್ ಮಾತ್ರ ಬರಲಿಲ್ಲ, ವ್ಯಾನ್ ಗೆಲ್ಡರ್ ಅವರ ಕೋಣೆಯ ಗಾಳಿಯೂ ಬಂತು. ಹುಡುಗರು ಸಾವಿರಾರು ರೆಕಾರ್ಡುಗಳಲ್ಲಿ ಅವೇ ರೆಕಾರ್ಡುಗಳನ್ನು ಯಾಕೆ ಹುಡುಕುತ್ತಿದ್ದರು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ ಅಂತ ನನ್ನ ನಂಬಿಕೆ. ಆ ಸದ್ದು ಬೇಕಿತ್ತು ಅವರಿಗೆ.

ಇಷ್ಟು ಬರೆದ ಮೇಲೆ ನಮ್ಮ ಕಡೆ ನೋಡಿದರೆ ಹೊಟ್ಟೆ ಉರಿಯುತ್ತದೆ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ "ನಿತ್ಯೋತ್ಸವ" ಕ್ಯಾಸೆಟ್ ಬಂತು. ಕವಿ ಗೊತ್ತು, ರಾಗ ಹಾಕಿದ ಮೈಸೂರು ಅನಂತಸ್ವಾಮಿ ಗೊತ್ತು. ಧ್ವನಿಮುದ್ರಣ ಮಾಡಿದವರು ಯಾರು ಅಂತ ಕನ್ನಡ ಸಂಗೀತದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಸ್ನೇಹಿತರನ್ನು ಕೇಳಿದೆ. ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಚಿತ್ರಗೀತೆಗಳು ಬಹುಕಾಲ ಮದ್ರಾಸಿನ ಸ್ಟುಡಿಯೋಗಳಲ್ಲೇ ರೆಕಾರ್ಡ್ ಆಗುತ್ತಿದ್ದವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದನ್ನು ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕಟ್ಟಿದವರ ಹೆಸರು ಉಳಿಯಿತು, ಒಳ್ಳೆಯದೇ. ಅದರೊಳಗೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿಯೆಲ್ಲ ಕೂತವರ ಹೆಸರು?

ಒಮ್ಮೆ ಒಂದು ಭಾವಗೀತೆ ರೆಕಾರ್ಡಿಂಗ್ ನೋಡಲು ಹೋಗಿದ್ದೆ. ಗಾಯಕಿ ಒಳ್ಳೆಯ ಹೆಸರಿದ್ದವರು. ಚರಣದ ಮೇಲಿನ ಷಡ್ಜಕ್ಕೆ ಬಂದಾಗೆಲ್ಲ ದನಿ ಚುಚ್ಚುತ್ತಿತ್ತು. ಸಂಗೀತ ನಿರ್ದೇಶಕರು ಶ್ರುತಿ ಇಳಿಸೋಣ ಅಂದರು. ರೆಕಾರ್ಡಿಸ್ಟ್ ಎದ್ದು ಹೋಗಿ, "ಅಮ್ಮ, ಆ ಸಾಲಿಗೆ ಬಂದಾಗ ಒಂದು ಗೇಣು ಹಿಂದೆ ಸರಿದು, ಮುಖ ಸ್ವಲ್ಪ ಓರೆ ಮಾಡಿ ಹಾಡಿ" ಅಂದರು. ಅಷ್ಟೇ. ಮುಂದಿನ ಟೇಕ್ ಓಕೆ ಆಯಿತು. ಬಿಡುಗಡೆ ಸಮಾರಂಭದಲ್ಲಿ ಶಾಲು ಹಾರ ಎಲ್ಲ ಹಂಚಿದರು. ಆ ರೆಕಾರ್ಡಿಸ್ಟ್ ಸಭಾಂಗಣದ ಹಿಂದೆ ಮೈಕ್ ಸೆಟ್‌ನವರ ಜೊತೆ ನಿಂತಿದ್ದರು.

ಮೈಕ್ ಸೆಟ್ ಅಂದೆನಲ್ಲ, ಅವರ ವಿಷಯವೂ ಬರಲಿ. ಸಾಹಿತ್ಯ ಸಮ್ಮೇಳನ ಇರಲಿ, ರಾಮನವಮಿ ಕಚೇರಿ ಇರಲಿ, ಎಲ್ಲ ಸರಿ ಇದ್ದಾಗ ಅವರು ಯಾರಿಗೂ ಕಾಣುವುದಿಲ್ಲ. ಒಂದು ಸಲ ಕೂಂಯ್ ಅಂದರೆ ಸಾಕು, ಇಡೀ ಸಭೆ ತಿರುಗಿ ಅವರನ್ನೇ ನೋಡುತ್ತದೆ. ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್ ಅವರಿಗೆ ಕಚೇರಿಯಲ್ಲಿ ಮೈಕ್ ಆಗುತ್ತಿರಲಿಲ್ಲ. ಅವರ ಕೈಗೆ ಆ ಮಾತು ಒಪ್ಪುತ್ತಿತ್ತು. ಈಗ ಎರಡು ಮೈಕ್ ಸಾಲದು, ಮಾನಿಟರ್ ಇನ್ನೂ ಕೊಡಿ ಎಂದು ವೇದಿಕೆಯಿಂದಲೇ ಗದರುವವರು, ಕೊನೆಗೆ ವಂದನಾರ್ಪಣೆಯಲ್ಲಿ ಮೈಕ್ ಸೆಟ್‌ನವರನ್ನು ಬರೀ "ಧ್ವನಿವರ್ಧಕದವರು" ಎಂದು ಮುಗಿಸುತ್ತಾರೆ. ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರಿದೆ ಸ್ವಾಮಿ. ಪಕ್ಕವಾದ್ಯದವರ ಕಥೆಯೂ ಹೀಗೇ. ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರು ಎಷ್ಟು ದಪ್ಪ, ಘಟದವರ ಹೆಸರು ಎಷ್ಟು ಸಣ್ಣ ಅಂತ ನೀವು ನೋಡಿಲ್ಲವೇ? ನೀವೇ ಎಲ್ಲಾದರೂ ನುಡಿಸಿದಾಗ ನಿಮ್ಮ ಹೆಸರು ಬಿಟ್ಟುಹೋಗಿದ್ದರೆ, ಆಗ ನನಗೆ ಬರುತ್ತಿದ್ದ ಪತ್ರ ಎಷ್ಟು ಹಾಳೆ ಇರುತ್ತಿತ್ತೋ!

ಕ್ಯಾಸೆಟ್ ಕಾಲದಲ್ಲಿ ಒಳಗಿನ ಕಾಗದವನ್ನು ಮಡಿಕೆ ಬಿಚ್ಚಿ ಕಣ್ಣು ಕಿರಿದು ಮಾಡಿ ಓದಿದರೆ ತಬಲ ಯಾರು, ಕೊಳಲು ಯಾರು ಅಂತಾದರೂ ಒಮ್ಮೊಮ್ಮೆ ಸಿಗುತ್ತಿತ್ತು. ಈಗ ಫೋನಿನಲ್ಲಿ ಹಾಡು, ಹಾಡಿದವರ ಹೆಸರು, ಒಂದು ಚಿತ್ರ, ಮುಗಿಯಿತು. ಹಳೆಯ ಕನ್ನಡ ಹಾಡುಗಳಿಗೆ ಕವಿಯ ಹೆಸರನ್ನೂ ಹಾಕದೆ ಏರಿಸಿರುತ್ತಾರೆ, ಇನ್ನು ರೆಕಾರ್ಡಿಸ್ಟನ ಹೆಸರು ಎಲ್ಲಿಂದ ಬರಬೇಕು? ಪುಸ್ತಕ ಲೋಕವೂ ಸಾಚಾ ಏನಲ್ಲ. ಕರಡು ತಿದ್ದಿದವರು, ಅಕ್ಷರ ಜೋಡಿಸಿದವರು, ಪುಟ ಕಟ್ಟಿದವರು, ಇವರು ಲೇಖಕರ ಮಾತಿನ ಕೊನೆಯಲ್ಲಿ "ಮುದ್ರಣದ ಬಳಗ" ಆಗಿ ಕರಗಿಹೋಗುತ್ತಾರೆ. ತಪ್ಪು ಉಳಿದರೆ ಮಾತ್ರ ಅವರನ್ನು ಹುಡುಕಿ ತೆಗೆಯುತ್ತಾರೆ.

ಇರಲಿ, ದಾರಿ ತಪ್ಪಿ ಬಹಳ ದೂರ ಬಂದೆ. ಗಾಯಕರಿಲ್ಲದೆ ಏನೂ ಇಲ್ಲ ಎಂಬುದು ನಿಜ. ಅದಕ್ಕೆ ಸಾಕ್ಷಿಯಾಗಿ ಅವರ ಮೇಲೆ ಬೇಕಾದಷ್ಟು ಪುಟ ಅಚ್ಚಾಗುತ್ತಲೇ ಇವೆ, ನಮ್ಮಲ್ಲೂ. ನಾಲ್ಕು ಪುಟ ಗಾಜಿನ ಹಿಂದಕ್ಕೆ ಹೋದರೆ ಅವರಿಗೇನೂ ಕಮ್ಮಿಯಾಗುವುದಿಲ್ಲ.

ಮುಂದಿನ ತಿಂಗಳಿಂದ ನಮ್ಮ ಸಂಗೀತ ಪುಟದಲ್ಲಿ ಯಾವ ಆಲ್ಬಮ್ ಬಗ್ಗೆ ಬರೆದರೂ ಧ್ವನಿಮುದ್ರಣ ಮತ್ತು ಮಿಕ್ಸಿಂಗ್ ಮಾಡಿದವರ ಹೆಸರು ಹಾಕಬೇಕು ಅಂತ ಬರೆಯುವವರಿಗೆಲ್ಲ ಹೇಳಿದ್ದೇನೆ. ಹೆಸರು ಸಿಗದಿದ್ದರೆ ಫೋನ್ ಮಾಡಿ ಕೇಳಬೇಕು, ಕೇಳಿಯೂ ಸಿಗದಿದ್ದರೆ "ಹೆಸರು ಕೊಟ್ಟಿಲ್ಲ" ಎಂದು ಅಚ್ಚು ಹಾಕಬೇಕು. ಕಂಪನಿಯವರಿಗೆ ಸ್ವಲ್ಪ ನಾಚಿಕೆಯಾಗಲಿ. ಡಿ'ಏಂಜಲೋನ ಮುಂದಿನ ಆಲ್ಬಮ್, 2000ದ "ವೂಡೂ", ಅದರ ಎಂಜಿನಿಯರ್ ರಸೆಲ್ ಎಲೆವಾಡೊ ಬಗ್ಗೆಯೂ ಒಂದು ಲೇಖನ ತಯಾರಾಗುತ್ತಿದೆ. ಅದು ಐದು ಪುಟ ಆಗಬಹುದು ಅಂತ ಈಗಲೇ ಹೇಳಿಬಿಡುತ್ತೇನೆ. ಅದಕ್ಕೂ ಬೈದು ಬರೆಯಿರಿ, ಖಂಡಿತ ಹಾಕುತ್ತೇನೆ. ಆದರೆ ಅದಕ್ಕೆ ಮುಂಚೆ "ಎಕ್ಸ್‌ಕರ್ಶನ್ಸ್" ಹಾಡನ್ನು ಫೋನಿನ ಸ್ಪೀಕರಿನಲ್ಲಿ ಅಲ್ಲ, ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ, ತೊಡೆಯ ಮೇಲೆ ತಾಳ ಹಾಕಿಕೊಂಡು.